ಹೊಸ ಹುಲ್ಲಿನ ಕಾಲದಲ್ಲಿ ದನ-ಕುರಿಗಳ ಆರೋಗ್ಯ

ಬೇಸಿಗೆಯುದ್ದಕ್ಕೂ ಒಣಹುಲ್ಲು, ಸಪ್ಪೆ ತಿಂದ ರಾಸುಗಳಿಗೆ ಮುಂಗಾರಿನ ಮೊದಲ ಮಳೆಯ ಚಿಗುರು ಹಬ್ಬದೂಟವಿದ್ದಂತೆ. ಮೇವಿನ ಚಿಂತೆ ಕಳೆಯಿತೆಂದು ರೈತರಿಗೂ ಆಗ ನೆಮ್ಮದಿ. ಆದರೆ ಕೆಲವು ಮಾರಕ ರೋಗಗಳು ಹೆಚ್ಚಾಗಿ ತಲೆದೋರುವುದೂ ಇದೇ ಕಾಲದಲ್ಲಿ. ದನಗಳ ಚಪ್ಪೆರೋಗ ಮತ್ತು ಕುರಿಗಳ ಕರುಳುಬೇನೆಗೆ ಒಂದು ವಿಚಿತ್ರ ಗುಣವಿದೆ. ಇವು ಬಡಕಲು ಪ್ರಾಣಿಗಿಂತ ಮೈತುಂಬಿಕೊಂಡು ಚೆನ್ನಾಗಿ ಬೆಳೆಯುತ್ತಿರುವ ಪ್ರಾಣಿಗೇ ಹೆಚ್ಚಾಗಿ ಬರುತ್ತವೆ. ‘ನಮ್ಮ ಕರು ಗಟ್ಟಿಮುಟ್ಟಾಗಿದೆ, ಅದಕ್ಕೇಕೆ ಚುಚ್ಚುಮದ್ದು?’ ಎಂದು ಸುಮ್ಮನಿರುವವರು ಈ ಮಾತನ್ನು ಮುಖ್ಯವಾಗಿ ಗಮನಿಸಬೇಕು.

ಚಪ್ಪೆರೋಗ

ಈ ರೋಗ ಬರುವುದು ಬಹುಮಟ್ಟಿಗೆ 6 ತಿಂಗಳಿನಿಂದ 2 ವರ್ಷದವರೆಗಿನ ಕರು, ಪಡ್ಡೆ, ಹೋರಿಗಳಿಗೆ. ರೋಗಾಣುಗಳು ಗಟ್ಟಿ ಕವಚದ ಬೀಜಾಣುಗಳಾಗಿ ಮಣ್ಣಿನಲ್ಲಿ ಹಲವಾರು ವರ್ಷ ಜೀವದಿಂದಿರುತ್ತವೆ. ಬಿಸಿಲಿಗೂ ಬರಕ್ಕೂ ಅವು ಸಾಯುವುದಿಲ್ಲ. ಮಳೆ ಬಿದ್ದಾಗ ಮಣ್ಣಿನೊಡನೆ ಮೇಲೆ ಬಂದು ಹುಲ್ಲಿಗೆ ಅಂಟಿಕೊಳ್ಳುತ್ತವೆ. ಹೊಸ ಹುಲ್ಲು ಗಿಡ್ಡವಾಗಿರುವುದರಿಂದ ದನಗಳು ಅದನ್ನು ಬುಡಸಮೇತ ಕಿತ್ತು ಮಣ್ಣನ್ನೂ ನುಂಗುತ್ತವೆ.

ಸಂಜೆ ಚೆನ್ನಾಗಿ ಮೇದು ಬಂದ ಕರು ಬೆಳಗ್ಗೆ ಕುಂಟುತ್ತಿರುತ್ತದೆ. ಜ್ವರ ಏರಿ ಮೇವು ಬಿಡುತ್ತದೆ. ಚಪ್ಪೆ, ಭುಜ, ತೊಡೆಯಂತಹ ಮಾಂಸಖಂಡ ದಪ್ಪಗಿರುವ ಕಡೆ ಊತ ಬರುತ್ತದೆ. ಮೊದಲು ಅದು ಬಿಸಿಯಾಗಿದ್ದು, ಮುಟ್ಟಿದರೆ ನೋಯುತ್ತದೆ. ಬರಬರುತ್ತ ತಣ್ಣಗಾಗಿ ನೋವೂ ಇಲ್ಲದಂತಾಗುತ್ತದೆ. ಕೈಯಿಂದ ಒತ್ತಿದರೆ ಒಳಗೆ ಗಾಳಿ ತುಂಬಿದಂತೆ ಚರಚರ ಸದ್ದು ಕೇಳುತ್ತದೆ. ನೋವು ಕಡಿಮೆಯಾಯಿತೆಂದು ಸಮಾಧಾನಪಡುವಂತಿಲ್ಲ. ಅಲ್ಲಿನ ಮಾಂಸ ಸತ್ತುಹೋಗಿದೆ ಎಂದೇ ಅದರ ಅರ್ಥ. ಒಂದೆರಡು ದಿನಗಳಲ್ಲಿ ಕರು ಸಾಯುತ್ತದೆ. ಕುಂಟು ಕಂಡ ಕೂಡಲೇ ಪಶುವೈದ್ಯರನ್ನು ಕರೆಸಿ ಪೆನಿಸಿಲಿನ್ ಕೊಡಿಸಿದರೆ ಕೆಲವು ಉಳಿದಾವು. ಊತದ ಮೇಲೆ ಬರೆ ಎಳೆಯುವುದರಿಂದ ನೋವು ಹೆಚ್ಚುವುದಲ್ಲದೆ, ಚಿಕಿತ್ಸೆಗೆ ಇರುವ ಅಲ್ಪಸ್ವಲ್ಪ ಸಮಯವೂ ಕಳೆದುಹೋಗುತ್ತದೆ.

ಇದೇ ದಿನಗಳಲ್ಲಿ ಬರುವ ಗಳಲೆ ರೋಗ ಎಮ್ಮೆಗಳನ್ನು ಹೆಚ್ಚು ಕಾಡುತ್ತದೆ. ಇದರ ರೋಗಾಣುಗಳು ಕೆಲವು ಆರೋಗ್ಯವಂತ ರಾಸುಗಳ ಗಂಟಲಿನಲ್ಲೇ ಇರುತ್ತವೆ. ಮಳೆಯಲ್ಲಿ ನೆನೆದು, ಮೇವು ಸಾಲದೆ, ಉಳುಮೆಯಲ್ಲಿ ದಣಿದ ಪ್ರಾಣಿಯ ಮೇಲೆ ಅವು ಎರಗುತ್ತವೆ. ಜ್ವರ 105ರಿಂದ 107 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಏರುತ್ತದೆ. ಗಂಟಲು ಊದಿ, ಜೊಲ್ಲು ಸುರಿದು, ಉಸಿರಾಡುವಾಗ ಗೊರಗೊರ ಶಬ್ದ ಬರುತ್ತದೆ.

ಕುರಿಗಳ ಕರುಳುಬೇನೆ

ಚಪ್ಪೆರೋಗದ ರೋಗಾಣು ಮಣ್ಣಿನಿಂದ ಬಂದರೆ, ಕರುಳುಬೇನೆಯದು ಕುರಿಯ ಕರುಳಿನಲ್ಲೇ ಮೊದಲಿನಿಂದ ಇರುತ್ತದೆ. ಒಣಮೇವು ತಿನ್ನುವಷ್ಟು ದಿನ ಅದರಿಂದ ತೊಂದರೆಯಿಲ್ಲ. ಒಮ್ಮೆಲೇ ಎಳೆಹುಲ್ಲನ್ನು ಹೊಟ್ಟೆ ಬಿರಿಯೆ ಮೇದಾಗ, ಅಥವಾ ಸುಗ್ಗಿಯ ನಂತರ ಹೊಲದಲ್ಲಿ ಉದುರಿದ ತೆನೆ, ಕಾಳು ತಿಂದಾಗ, ಆ ರೋಗಾಣುಗಳು ಮಿತಿಮೀರಿ ಬೆಳೆದು ವಿಷವನ್ನು ಬಿಡುತ್ತವೆ. ಹೆಚ್ಚು ಹಾಲು ಕುಡಿದು, ಹೆಚ್ಚು ಮೇದು, ಎಲ್ಲಕ್ಕಿಂತ ಬೇಗ ಬೆಳೆದ ಮರಿಗೇ ಅಪಾಯ ಹೆಚ್ಚು. ಸಂತೆಯಲ್ಲಿ ಒಳ್ಳೆಯ ಬೆಲೆ ತರಬೇಕಾದ ಮರಿ ಅದೇ. ನಿಂತಲ್ಲೇ ಎಗರಿ ಬಿದ್ದು, ಕತ್ತು ಹಿಂದಕ್ಕೆ ಸೆಳೆದು, ಕಾಲು ಬಡಿದು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಎಷ್ಟೋ ಸಲ ಬೆಳಗ್ಗೆ ಹಟ್ಟಿಯ ಬಾಗಿಲು ತೆಗೆದಾಗ ಸತ್ತ ಮರಿಯೇ ಕಾಣುತ್ತದೆ. ಲಕ್ಷಣ ಕಂಡ ಮೇಲೆ ಚಿಕಿತ್ಸೆಗೆ ಅವಕಾಶವಿಲ್ಲವೆಂದೇ ಹೇಳಬೇಕು.

ಹೊಸ ಹುಲ್ಲು ಬಂದ ಮೊದಲ ಎರಡು ವಾರ ಬೆಳಗ್ಗೆ ಸ್ವಲ್ಪ ಒಣಮೇವು ತಿನ್ನಿಸಿದ ನಂತರವೇ ಮಂದೆಯನ್ನು ಹೊರಡಿಸಬೇಕು. ಹಸಿರು ಬಯಲಿನಲ್ಲಿ ಮೊದಲ ದಿನ ಒಂದೆರಡು ತಾಸು ಮೇಯಿಸಿ, ದಿನೇ ದಿನೇ ಹೊತ್ತು ಹೆಚ್ಚಿಸುತ್ತ ಹೋಗುವುದು ಲೇಸು. ಕಂಬಳಿ ಹೊದ್ದು ಊರೂರು ಅಲೆಯುವ ಕುರಿಗಾರರಿಗೆ ಒಣಮೇವು ಹೊಂದಿಸುವುದು ಕಷ್ಟ. ಅಂಥವರು ಲಸಿಕೆಯನ್ನು ತಪ್ಪಿಸಲೇಕೂಡದು.

ಚುಚ್ಚುಮದ್ದು ಯಾವಾಗ?

ಲಸಿಕೆ ಹಾಕಿಸಿದ ದಿನವೇ ರಕ್ಷಣೆ ಸಿಗುವುದಿಲ್ಲ. ದೇಹದಲ್ಲಿ ರೋಗನಿರೋಧಕ ಶಕ್ತಿ ಬೆಳೆಯಲು ಎರಡು-ಮೂರು ವಾರ ಬೇಕು. ಮಿರ್ಗ ಮಳೆ ಹಿಡಿದ ಮೇಲೆ, ಪಕ್ಕದ ಮನೆಯ ಕರು ಸತ್ತ ಸುದ್ದಿ ಕೇಳಿ ಆಸ್ಪತ್ರೆಗೆ ಓಡುವುದರಿಂದ ಪೂರ್ಣ ಪ್ರಯೋಜನವಾಗದು. ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ, ಅಂದರೆ ಮೇ ತಿಂಗಳೊಳಗೆ ಈ ಕೆಲಸ ಮುಗಿದಿರಬೇಕು. ಚಪ್ಪೆರೋಗ ಮತ್ತು ಗಳಲೆ ರೋಗಗಳ ಲಸಿಕೆಯನ್ನು 6 ತಿಂಗಳು ತುಂಬಿದ ಕರುಗಳಿಂದ ಮೊದಲ್ಗೊಂಡು ಪ್ರತಿವರ್ಷ ಹಾಕಿಸಬೇಕು. ಕರುಳುಬೇನೆಯ ಲಸಿಕೆಯನ್ನು 4 ತಿಂಗಳ ಮರಿಗಳಿಗೆ ಮೊದಲ ಸಲ ಹಾಕಿಸಿ, 15 ದಿನಗಳ ನಂತರ ಇನ್ನೊಮ್ಮೆ ಹಾಕಿಸಬೇಕು. ಮುಂದೆ ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುನ್ನ ಹಾಕಿಸಿದರೆ ಸರಿ. ಜಂತುಹುಳುವಿನ ಔಷಧವನ್ನು ಇದಕ್ಕೆ ಎರಡು ವಾರ ಮೊದಲೇ ಕುಡಿಸಿದ್ದರೆ ಲಸಿಕೆ ಚೆನ್ನಾಗಿ ನಾಟುತ್ತದೆ.

ಚುಚ್ಚುಮದ್ದು ಹಾಕಿದರೆ ಹಾಲು ಕಡಿಮೆಯಾಗುತ್ತದೆ, ಎತ್ತು ಸೋಲುತ್ತದೆ ಎಂಬ ಅಂಜಿಕೆ ಹಳ್ಳಿಗಳಲ್ಲಿದೆ. ಒಂದೆರಡು ದಿನ ಹಾಲು ತುಸು ತಗ್ಗಬಹುದು, ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಏಳಬಹುದು. ಎತ್ತುಗಳಿಗೆ ಎರಡು ದಿನ ವಿಶ್ರಾಂತಿ ಕೊಟ್ಟರೆ ಸಾಕು. ಬಿತ್ತನೆಗೆ ಮುಂಚೆಯೇ ಹಾಕಿಸುವುದರಿಂದ ಈ ವಿಶ್ರಾಂತಿಗೆ ಬಿಡುವೂ ಇರುತ್ತದೆ. ಹಿರಿಯರು ನೆನೆದು ನಡುಗುತ್ತಿದ್ದ ದೊಡ್ಡರೋಗ ಜಗತ್ತಿನಿಂದಲೇ ತೊಲಗಿದೆಯೆಂದು 2011ರಲ್ಲಿ ಸಾರಲಾಯಿತು. ಅದನ್ನು ಸಾಧ್ಯವಾಗಿಸಿದ್ದರಲ್ಲಿ ಲಸಿಕೆಯ ಪಾತ್ರ ಬಹು ದೊಡ್ಡದು.

ಜೋಳದ ಎಳೆಪೈರು

ಮಳೆ ನಡುವೆ ಕೈಕೊಟ್ಟಾಗ ಬಾಡಿದ ಎಳೆಯ ಜೋಳ ಮತ್ತು ಕೊಯ್ದ ಜೋಳದ ಕೂಳೆಚಿಗುರು ವಿಷಕಾರಿ. ಅದರಲ್ಲಿ ಹುಟ್ಟುವ ಹೈಡ್ರೋಸಯನಿಕ್ ಆಮ್ಲದಿಂದ ಹಸಿದ ದನ ನಿಮಿಷಗಳಲ್ಲಿ ಉರುಳಬಹುದು. ಹೂ ಬಿಡುವ ಮುನ್ನ ಜೋಳದ ಹೊಲಕ್ಕೆ ರಾಸುಗಳನ್ನು ನುಗ್ಗಗೊಡಬಾರದು. ಅಕಸ್ಮಾತ್ ತಿಂದು ಏದುಸಿರು ಬಿಟ್ಟರೆ ವೈದ್ಯರನ್ನು ತಕ್ಷಣ ಕರೆಸಬೇಕು. ಇದಕ್ಕೆ ರಕ್ತನಾಳಕ್ಕೆ ಕೊಡುವ ಪ್ರತಿವಿಷ ಉಂಟು, ಆದರೆ ಹೊತ್ತು ಮೀರಿರಬಾರದು.

ಸತ್ತ ಪ್ರಾಣಿಯ ವಿಲೇವಾರಿ

ಚಪ್ಪೆರೋಗದಿಂದ ಸತ್ತ ಕರುವನ್ನು ಹಳ್ಳದ ದಂಡೆಗೆ ಎಸೆಯುವುದು, ಚರ್ಮದ ಆಸೆಗೆ ಸುಲಿಯುವುದು ಇಂದಿಗೂ ಕೆಲವೆಡೆ ನಡೆದಿದೆ. ಹೆಣವನ್ನು ಕೊಯ್ದೊಡನೆ ರೋಗಾಣುಗಳು ಮಣ್ಣಿಗೆ ಬೀಳುತ್ತವೆ. ನಾಯಿ, ಹದ್ದುಗಳು ಅವನ್ನು ಗೋಮಾಳದ ತುಂಬ ಹರಡುತ್ತವೆ. ಮುಂದಿನ ಮುಂಗಾರಿಗೆ ಅದೇ ನೆಲದಲ್ಲಿ ಇನ್ನೊಬ್ಬರ ಕರು ಮೇಯುತ್ತದೆ. ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಅದು ನೆರಡಿ ರೋಗವಿರಬಹುದು. ಈ ರೋಗ ಮನುಷ್ಯರಿಗೂ ತಗಲುತ್ತದೆ. ಅಂತಹ ಹೆಣವನ್ನು ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಚಪ್ಪೆರೋಗದ ಹೆಣವನ್ನು ಬಾವಿ, ಕೆರೆಗಳಿಂದ ದೂರದಲ್ಲಿ 6 ಅಡಿ ಆಳದ ಗುಂಡಿ ತೋಡಿ, ಸುಣ್ಣ ಸುರಿದು, ಕೊಯ್ಯದೆ ಇಡಿಯಾಗಿ ಹೂಳತಕ್ಕದ್ದು. ಅದರಡಿ ಬಿದ್ದಿದ್ದ ಹುಲ್ಲು, ಸಗಣಿಗಳನ್ನು ತಿಪ್ಪೆಗೆ ಹಾಕದೆ ಸುಟ್ಟುಬಿಡಬೇಕು. ಗುಂಡಿಯ ಸುತ್ತ ಮುಳ್ಳಿನ ಬೇಲಿ ಹಾಕಿ, ಅಲ್ಲಿ ಬೆಳೆದ ಹುಲ್ಲನ್ನು ಮುಂದಿನ ವರ್ಷಗಳಲ್ಲೂ ಕೊಯ್ದು ತರಬಾರದು.