ಸೆಮಿನಾರಿಗೆ ಮುಂಚೆ ಕ್ವಿಂಟಿಲಿಯನ್ ಮೇಷ್ಟ್ರ ಪಾಠ

ಸೆಮಿನಾರ್ ದಿನಾಂಕ ಗೊತ್ತಾದ ಕೂಡಲೇ ನಾವು ಮಾಡುವ ಮೊದಲ ಕೆಲಸ ಏನು? ಪಿಪಿಟಿ ಟೆಂಪ್ಲೇಟ್ ಹುಡುಕೋದು! ಹೇಳಬೇಕಾದ ವಿಷಯದ ಯೋಚನೆ ಹಿಂದಿನ ರಾತ್ರಿಗೆ. ಈ ಕ್ರಮ ಸರಿಯಲ್ಲ ಅಂತ ತೋರಿಸಿಕೊಟ್ಟ ಮೇಷ್ಟ್ರೊಬ್ಬರು ಸುಮಾರು 1,900 ವರ್ಷಗಳ ಹಿಂದೆ ರೋಮ್‌ನಲ್ಲಿದ್ದರು. ಹೆಸರು ಕ್ವಿಂಟಿಲಿಯನ್.

ಹುಟ್ಟಿದ್ದು ಇಂದಿನ ಸ್ಪೇನ್‌ನಲ್ಲಿ. ಚಕ್ರವರ್ತಿ ವೆಸ್ಪಾಸಿಯನ್ ಭಾಷಣಕಲೆಯ ಅಧ್ಯಾಪಕರಿಗೆ ಬೊಕ್ಕಸದಿಂದಲೇ ವರ್ಷಕ್ಕೆ 1,00,000 ಸೆಸ್ಟರ್ಸ್ ನಾಣ್ಯಗಳ ಸಂಬಳ ಗೊತ್ತುಮಾಡಿದ. ಹಾಗೆ ಸಂಬಳ ಪಡೆದವರಲ್ಲಿ ಇವರೊಬ್ಬರು. 20 ವರ್ಷ ಪಾಠ ಹೇಳಿ ನಿವೃತ್ತರಾದ ಮೇಲೆ, ಗ್ರೀಕರಿಂದ ಸಿಸೆರೊವರೆಗೆ ಹಿಂದಿನವರು ಹೇಳಿದ್ದನ್ನೆಲ್ಲ ತೂಗಿ ನೋಡಿ, 12 ಭಾಗಗಳ ‘ಇನ್‌ಸ್ಟಿಟ್ಯೂಷಿಯೊ ಒರಟೋರಿಯಾ’ ಬರೆದರು. ಮಧ್ಯಯುಗದಲ್ಲಿ ಹೆಚ್ಚಿನವರ ಕೈಗೆ ಸಿಗುತ್ತಿದ್ದುದು ಅದರ ಅರೆಬರೆ ಪ್ರತಿಗಳು ಮಾತ್ರ. 1416ರಲ್ಲಿ ಪೊಜ್ಜೊ ಬ್ರಾಚ್ಚೊಲಿನಿ ಎಂಬ ವಿದ್ವಾಂಸನಿಗೆ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ ಪೂರ್ಣ ಪ್ರತಿ ಸಿಕ್ಕಿತು.

ಭಾಷಣದ ತಯಾರಿಗೆ ಅವರು ಹೇಳುವ ಐದು ಹಂತಗಳು:

1. ಏನು ಹೇಳಬೇಕು ಅಂತ ಹುಡುಕೋದು
2. ಅದನ್ನು ಕ್ರಮವಾಗಿ ಜೋಡಿಸೋದು
3. ತಕ್ಕ ಮಾತು ಆರಿಸೋದು
4. ನೆನಪಿಟ್ಟುಕೊಳ್ಳೋದು
5. ದನಿ, ಕೈಸನ್ನೆಗಳೊಂದಿಗೆ ಮಂಡಿಸೋದು

ಈ ಪಟ್ಟಿ ಅವರಿಗಿಂತ ಹಳೆಯದು. ಒಂದೊಂದು ಹಂತವನ್ನೂ ತರಗತಿಯ ಅನುಭವದಿಂದ ಬಿಡಿಸಿ ಹೇಳಿದ್ದು ಅವರ ಹೆಚ್ಚುಗಾರಿಕೆ. ಮೂರನೆಯದನ್ನೇ ನೋಡೋಣ. ಕೇಳುವವರಿಗೆ ಅರ್ಥವಾದರೆ ಸಾಲದು, ತಪ್ಪಾಗಿ ಅರ್ಥವಾಗೋಕೆ ಜಾಗವೇ ಇರಬಾರದು ಅನ್ನೋದು ಅವರ ಅಳತೆಗೋಲು. ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಒಂದು ಅಳತೆಯನ್ನು ಎರಡು ಥರ ಓದೋಕಾದರೆ ಏನಾಗುತ್ತೆ? ಮಾತಿಗೂ ಅದೇ ನಿಯಮ. ನಾಲ್ಕನೆಯದಕ್ಕೆ ಅವರ ಸಲಹೆ: ಉದ್ದದ ಪಾಠವನ್ನು ತುಂಡು ತುಂಡಾಗಿ ಕಲಿಯಿರಿ, ನಡುವೆ ಒಂದು ರಾತ್ರಿ ಕಳೆಯಲಿ, ನೆನಪು ಗಟ್ಟಿಯಾಗುತ್ತೆ. ಅಂದರೆ, ನೈಟ್ ಔಟ್ ಮಾಡಿ ಉರು ಹೊಡೆಯೋದು ದಂಡ!

ಇಷ್ಟೆಲ್ಲ ಕಲಿಸಿದ ಮೇಲೆ ಕೊನೆಯ ಭಾಗದಲ್ಲಿ ಮೇಷ್ಟ್ರು ಒಂದು ಷರತ್ತು ಹಾಕುತ್ತಾರೆ: ಒಳ್ಳೆಯ ಮನುಷ್ಯನಲ್ಲದವನು ಒಳ್ಳೆಯ ವಾಗ್ಮಿ ಆಗಲಾರ. ಸುಳ್ಳು ದೂರುಗಳನ್ನು ಚೆಂದವಾಗಿ ವಾದಿಸಿ ಜನರ ಆಸ್ತಿ, ಪ್ರಾಣ ಕಳೆದವರು ಅವರ ಕಾಲದ ರೋಮ್‌ನಲ್ಲೇ ಇದ್ದರು. ಹಾಗಾಗಿ ಇದನ್ನು ಬರೀ ಉಪದೇಶ ಅಂತ ತಳ್ಳಿಹಾಕೋಕಾಗಲ್ಲ.

ನಮ್ಮ ಪ್ರಾಜೆಕ್ಟ್ ರಿವ್ಯೂಗೂ ಇದು ಹೊಂದುತ್ತೆ. ಓಡದ ಕೋಡನ್ನು ಓಡುತ್ತೆ ಅಂತ ಮಾತಲ್ಲೇ ನಂಬಿಸಬಹುದು, ಮಾರ್ಕ್ಸೂ ಬರಬಹುದು. ನಾಳೆ ಅದೇ ಚಾಳಿ ಸೇತುವೆಯ ವರದಿಗೆ ಬಂದರೆ? ಮುಂದಿನ ಸಲ ಲ್ಯಾಪ್‌ಟಾಪ್ ತೆರೆಯೋ ಮುಂಚೆ ಒಂದು ಹಾಳೆ ತಗೊಳ್ಳೋಣ. ನಮಗೆ ನಿಜವಾಗಿ ಗೊತ್ತಿರೋದು ಏನು ಅಂತ ಮೊದಲು ಅದರಲ್ಲಿ ಬರೆಯೋಣ. ಟೆಂಪ್ಲೇಟ್ ಆಮೇಲೆ.