ಆಪರೇಷನ್ನಿನ ಹಳೇ ಕಾಗದ ಎಸೆಯಬೇಡಿ



"ಗರ್ಭಕೋಶದ ಗಡ್ಡೆ ತೆಗೆಸಿ ಆಯ್ತಲ್ಲ, ಇನ್ನು ಆ ಕಾಗದ ಯಾಕೆ?" ಎಂದು ನಮ್ಮಲ್ಲಿ ಹಲವರು ಅದನ್ನು ಒಲೆಗೆ ಹಾಕಿಬಿಡುತ್ತೇವೆ. ಅದು ಯಾಕೆ ಬೇಕೆಂದು ನೋಡೋಣ.

ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಬಹಳ ಹೆಂಗಸರಲ್ಲಿ ಇರುತ್ತದೆ. ಅದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಬೇರೆಡೆ ಹರಡುವುದೂ ಇಲ್ಲ. ಆದರೆ ತೀರಾ ಅಪರೂಪಕ್ಕೆ, ಹೆಚ್ಚಾಗಿ ಗಡ್ಡೆಯ ಆಪರೇಷನ್ ಆಗಿ ಹಲವು ವರ್ಷಗಳ ನಂತರ, ಅದೇ ಬಗೆಯ ಗಂಟುಗಳು ಶ್ವಾಸಕೋಶದಲ್ಲಿ ಕಾಣಿಸುತ್ತವೆ. 1939ರಲ್ಲೇ ವೈದ್ಯರು ಇದನ್ನು ವಿವರಿಸಿದ್ದರು. ಕೆಲವರಿಗೆ ಕೆಮ್ಮು, ಏದುಸಿರು ಬರುತ್ತದೆ. ಅನೇಕರಿಗೆ ಏನೂ ಇರುವುದಿಲ್ಲ. ಬೇರೆ ಕಾರಣಕ್ಕೆ ತೆಗೆಸಿದ ಎದೆಯ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ.

ಎಕ್ಸ್‌ರೇ ನೋಡಿದಾಗ ಕ್ಯಾನ್ಸರ್ ಎಂಬ ಸಂಶಯ ಬರುವುದು ಸಹಜ. ಗಂಟಿನ ಚೂರು ತೆಗೆದು ಬಯಾಪ್ಸಿ ಮಾಡಿದರೆ ನಿಜ ತಿಳಿಯುತ್ತದೆ. ಹಿಂದೆ ತೆಗೆದ ಗಡ್ಡೆಯ ವರದಿ ಇದ್ದರೆ ವೈದ್ಯರಿಗೆ ಹೋಲಿಸಿ ನೋಡಲು ಅನುಕೂಲ.

ಈ ಗಂಟುಗಳು ಹೆಣ್ಣಿನ ಹಾರ್ಮೋನಿನಿಂದ ಬೆಳೆಯುತ್ತವೆ. ಮುಟ್ಟು ನಿಂತ ಮೇಲೆ ಕೆಲವರಲ್ಲಿ ಕುಗ್ಗುತ್ತವೆ. ಕೆಲವರಿಗೆ ಆಗಾಗ ಸ್ಕ್ಯಾನ್ ಮಾಡಿಸಿ ಗಮನಿಸಿದರೆ ಸಾಕು. ಕೆಲವರಿಗೆ ಹಾರ್ಮೋನು ತಗ್ಗಿಸುವ ಔಷಧಿ, ಇಲ್ಲವೆ ಆಪರೇಷನ್ ಬೇಕಾಗುತ್ತದೆ.

ನಾವು ಮಾಡಬೇಕಾದ್ದು:

1. ಡಿಸ್ಚಾರ್ಜ್ ಕಾರ್ಡ್, ಬಯಾಪ್ಸಿ ವರದಿಗಳನ್ನು ಸಂಘದ ಪಾಸ್‌ಬುಕ್ಕಿನಂತೆ ಜೋಪಾನವಾಗಿ ಇಡೋಣ.
2. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸೋಣ. ಕ್ಷಯ ಇದಕ್ಕಿಂತ ಎಷ್ಟೋ ಸಾಮಾನ್ಯ.
3. ಕೆಮ್ಮಿಗೆ ತೋರಿಸುವಾಗಲೂ ಗರ್ಭಕೋಶದ ಆಪರೇಷನ್ ಆದದ್ದನ್ನು ಡಾಕ್ಟರಿಗೆ ಹೇಳೋಣ. ಇದರಲ್ಲಿ ನಾಚಿಕೆ ಬೇಡ.

ಚರ್ಚೆಗೆ: ನಮ್ಮ ಸಂಘದಲ್ಲಿ ಆಪರೇಷನ್ ಆದವರು ಎಷ್ಟು ಮಂದಿ? ಅವರಲ್ಲಿ ಯಾರ ಹತ್ತಿರ ವರದಿ ಇದೆ?