ಮರೆವು ಅಪರಾಧವೋ? ಜ್ಞಾಪಕಶಕ್ತಿಯ ವಿಷಯವಾದ ಪಾಠ

ನಿನ್ನೆ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದ ಹುಡುಗನು ಈ ಹೊತ್ತು ಬಾಯಿ ತೆರೆಯದೆ ನಿಲ್ಲುವದನ್ನು ನಾವೆಲ್ಲರೂ ಕಂಡಿದ್ದೇವೆ. ಮೈಸೂರಿನ ಕುವೆಂಪುನಗರದ ಮನೆಯಲ್ಲಾಗಲಿ ಹಳ್ಳಿಯ ಜಗಲಿಯ ಮೇಲಾಗಲಿ ಇದು ಒಂದೇ. ಹಿರಿಯರು ಇದನ್ನು ಸೋಮಾರಿತನವೆಂದೆಣಿಸಿ ಬೆತ್ತಕ್ಕೆ ಕೈ ಹಾಕುವದುಂಟು. ಇದು ನ್ಯಾಯವೋ ಎಂದು ಮನಶ್ಶಾಸ್ತ್ರದ ಬೆಳಕಿನಲ್ಲಿ ವಿಚಾರಿಸೋಣ. ಈ ಶಾಸ್ತ್ರವು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿಯೇ ಇದಕ್ಕೆ ವಿಭಾಗವುಂಟಾಯಿತು. ಲಂಡನ್ನಿನಲ್ಲಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ನಡಿಸಿದರು.

೧. ಜ್ಞಾಪಕದ ಮೂರು ಕೆಲಸಗಳು. ಗ್ರಹಣ, ಧಾರಣ, ಸ್ಮರಣ ಎಂಬಿವೇ ಅವು. ಹೇಗಂದರೆ, ಕಣಜಕ್ಕೆ ಕಾಳು ತುಂಬುವದು, ಅದನ್ನು ಕಾಯುವದು, ಬೇಕಾದಾಗ ಹೊರಗೆ ತೆಗೆಯುವದು. ಕಾಳು ಕೂಡಲೆ ಕೈಗೆ ಸಿಕ್ಕದಿದ್ದರೆ ಕಣಜವು ಬರಿದೆಂದು ಹೇಳಲಾಗದು.

೨. ಮರೆವಿನ ನಿಯಮ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ಪಂಡಿತನು ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ತಾನೇ ಕಂಠಪಾಠ ಮಾಡಿ ಪರೀಕ್ಷಿಸಿ, ೧೮೮೫ರಲ್ಲಿ ಫಲವನ್ನು ಪ್ರಕಟಿಸಿದನು. ಮರೆವು ಮೊದಲು ಬೇಗನೆ, ತರುವಾಯ ಮೆಲ್ಲಗೆ ನಡೆಯುತ್ತದೆ; ಒಂದು ತಾಸಿನೊಳಗೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಆದರೂ ಮರೆತದ್ದನ್ನು ತಿರಿಗಿ ಕಲಿಯುವದಕ್ಕೆ ಮೊದಲಿನಷ್ಟು ಶ್ರಮ ಬೇಕಾಗಲಿಲ್ಲ. ಆದದರಿಂದ ಕಲಿತದ್ದು ಪೂರ್ಣವಾಗಿ ವ್ಯರ್ಥವಾಗಲಿಲ್ಲ. ಮತ್ತೊಂದು ಸಂಗತಿಯೇನಂದರೆ, ಒಂದೇ ದಿವಸ ೬೮ ಸಾರಿ ಓದಿದ್ದರಿಂದಾದ ಲಾಭವು ಮೂರು ದಿವಸಗಳಿಗೆ ಹಂಚಿ ೩೮ ಸಾರಿ ಓದಿದ್ದರಿಂದಲೇ ದೊರಕಿತು.

೩. ಮಗುವಿನ ಬೆಳವಣಿಗೆ. ಒಂದೇ ಸಮಯದಲ್ಲಿ ಹಲವು ಸಂಗತಿಗಳನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಯು ವಯಸ್ಸಿನೊಡನೆ ಬೆಳೆಯತಕ್ಕದ್ದು. ಆರು ವರುಷದ ಮಗುವಿಗೆ ನಾಲ್ಕು ಅಪ್ಪಣೆಗಳನ್ನು ಒಟ್ಟಿಗೆ ಕೊಟ್ಟರೆ ಅದು ಎರಡನ್ನು ಮರೆಯಬಹುದು. ಇದು ಅವಿಧೇಯತೆಯಲ್ಲ, ಎಳೆತನವೇ.

೪. ಭಯದ ಫಲ. ಯಾವದು ನೋವಿನೊಡನೆ ಪದೇ ಪದೇ ಕೂಡಿ ಬರುತ್ತದೋ ಅದರಿಂದ ಮನುಷ್ಯನು ದೂರ ಸರಿಯುತ್ತಾನೆ. ಪುಸ್ತಕ ತೆರೆದಾಗಲೆಲ್ಲಾ ಪೆಟ್ಟು ಬಿದ್ದರೆ, ಮಗುವು ಮಗ್ಗಿಯನ್ನಲ್ಲ, ಪುಸ್ತಕದ ಭಯವನ್ನೇ ಕಲಿಯುವದು. ಇದಲ್ಲದೆ ಭಯದಿಂದ ತುಂಬಿದ ಮನಸ್ಸಿನಲ್ಲಿ ಪಾಠಕ್ಕೆ ಸ್ಥಳವು ಕೊಂಚವೇ.

೫. ನಾವು ಮಾಡತಕ್ಕದ್ದು. ಪಾಠವನ್ನು ಚಿಕ್ಕ ಚಿಕ್ಕದಾಗಿ ಭಾಗಿಸೋಣ. ಈ ದಿನ ಕಲಿತದ್ದನ್ನು ನಾಳೆಯೂ, ಮೂರು ದಿನಗಳ ಮೇಲೆಯೂ, ವಾರದ ಮೇಲೆಯೂ ಕೇಳೋಣ. ಓದಿ ಹೇಳಿಸುವದಕ್ಕಿಂತ ಪುಸ್ತಕವನ್ನು ಮುಚ್ಚಿಸಿ ನೆನಪಿನಿಂದ ಹೇಳಿಸುವದು ಉತ್ತಮ. ಯಾಕಂದರೆ ಸ್ಮರಿಸುವದರಿಂದಲೇ ಸ್ಮರಣೆ ಬಲಗೊಳ್ಳುತ್ತದೆ. ತಡವರಿಸಿದರೆ ಮೊದಲ ಮಾತನ್ನು ಎತ್ತಿಕೊಟ್ಟು ಕಾದಿರೋಣ. ರಾತ್ರಿ ಸಾಕಷ್ಟು ನಿದ್ರೆ ಮಾಡಗೊಡಿಸೋಣ; ಕಲಿತದ್ದು ನೆಲೆಗೊಳ್ಳುವದಕ್ಕೆ ನಿದ್ರೆಯೂ ಸಹಾಯಮಾಡುತ್ತದೆ.

ಓದುಬಾರದ ತಾಯಿಯೂ ಇದನ್ನೆಲ್ಲಾ ಮಾಡಬಲ್ಲಳು. ಒಲೆಯ ಮುಂದೆ ಕೂತು, “ಮೊನ್ನೆ ಕಲಿತದ್ದನ್ನು ಹೇಳು, ಮಗಾ” ಎಂದು ಕೇಳಿದರೆ ಸಾಕು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು: ಜ್ಞಾಪಕದ ಮೂರು ಕೆಲಸಗಳಾವವು? ಪಾಠವನ್ನು ದಿವಸಗಳಿಗೆ ಹಂಚುವದರಿಂದ ಲಾಭವೇನು? ನಮ್ಮ ಮನೆಯ ಮಗುವು ಮರೆತಾಗ ನಾವು ಏನು ಮಾಡುತ್ತೇವೆ?